ಸೊಪ್ಪಿನ ಬಟ್ಟೆ, ಒಳಗಿನ ಬಟ್ಟೆ

ನಮ್ಮ ಮನೆಯ ಬಟ್ಟೆಗಳಲ್ಲಿ ಎರಡು ಬಗೆ. ಒಂದು ಸೊಪ್ಪಿನ ಬಟ್ಟೆ, ಇನ್ನೊಂದು ಒಳಗಿನ ಬಟ್ಟೆ. ಸೊಪ್ಪು ಎಂದರೆ ಹೊಗೆಸೊಪ್ಪು. ಗಾವಡಗೆರೆ ಕಡೆಯ ನಮ್ಮೂರಿನಲ್ಲಿ ಬರೀ ಸೊಪ್ಪು ಎಂದರೆ ಬೇರೆ ಅರ್ಥವಿರಲಿಲ್ಲ. ಎಲೆ ಮುರಿಯುವ ಕಾಲ ಬಂತೆಂದರೆ ಹೊಲಕ್ಕಿಳಿದವರ ಕೈ, ಕತ್ತು, ಸೆರಗು, ತೋಳು ಎಲ್ಲದರ ಮೇಲೂ ಅದರ ಅಂಟು ಕೂರುತ್ತಿತ್ತು. ಬೆಳಿಗ್ಗೆ ಅದು ಕಣ್ಣಿಗೆ ಕಾಣುತ್ತಿರಲಿಲ್ಲ, ಮುಟ್ಟಿದರೆ ಜಿಗಟಾಗಿರುತ್ತಿತ್ತು ಅಷ್ಟೆ. ಬಿಸಿಲೇರಿದಂತೆ ಕಂದು ಬಣ್ಣಕ್ಕೆ ತಿರುಗಿ, ಸಂಜೆಯ ಹೊತ್ತಿಗೆ ಕೀಲೆಣ್ಣೆ ಬಳಿದ ಹಾಗೆ ಕಪ್ಪಾಗುತ್ತಿತ್ತು. ಆ ಬಟ್ಟೆ ತೊಟ್ಟುಕೊಂಡು ಯಾರೂ ನಡುಮನೆಗೆ ಬರುವಂತಿರಲಿಲ್ಲ. ಹಿತ್ತಲಿನಲ್ಲಿ ಬಿಚ್ಚಿ, ಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಗೆ ಹೊಡೆದಿದ್ದ ಮೊಳೆಗಳಿಗೆ ತಗುಲಿಹಾಕಿ, ಮೈ ತೊಳೆದುಕೊಂಡೇ ಒಳಗೆ ಕಾಲಿಡಬೇಕು. ಇದು ಅಜ್ಜಿಯ ಕಟ್ಟಳೆ. ಅಪ್ಪನ ತಾಯಿಯಾದ ಅಜ್ಜಿ ಸಣ್ಣ ಆಳು, ದೊಡ್ಡ ದನಿ. ಮನೆಯ ಬೀಗದ ಕೈ, ಉಪ್ಪಿನ ಮಡಕೆ, ಬೆಲ್ಲದ ಡಬ್ಬಿ, ಯಾರು ಎಲ್ಲಿ ಕೂರಬೇಕು ಯಾವಾಗ ಏಳಬೇಕು ಎನ್ನುವುದು, ಎಲ್ಲವೂ ಅವಳ ಸೊಂಟದಲ್ಲೇ ಇದ್ದವು. ಹಿತ್ತಲಿನ ಒಗೆಯುವ ಕಲ್ಲು ಮಾತ್ರ ಅವ್ವನದು. ಅದನ್ನು ಅವ್ವ ಕೇಳಿ ಪಡೆದದ್ದಲ್ಲ. ಮದುವೆಯಾಗಿ ಬಂದ ಮಾರನೆಯ ದಿನವೇ ಅದು ಅವಳ ಪಾಲಿಗೆ ಬಂದಿತ್ತಂತೆ.

ಅವ್ವನಿಗೆ ಓದು ಬರಹ ಗೊತ್ತಿರಲಿಲ್ಲ, ಬಣ್ಣ ಗೊತ್ತಿತ್ತು. ಹೊಸ ಬಟ್ಟೆ ಮನೆಗೆ ಬಂದರೆ ಅದರ ಒಳಹೊಲಿಗೆಯ ತುದಿಯನ್ನು ಒದ್ದೆ ಮಾಡಿ, ಹಳೇ ಪಂಚೆಯ ಬಿಳಿ ಚೂರಿನಲ್ಲಿ ಹಿಂಡಿ ನೋಡುತ್ತಿದ್ದಳು. ಚೂರಿಗೆ ಬಣ್ಣ ಹತ್ತಿತೆಂದರೆ ಆ ಬಟ್ಟೆಗೆ ಒಂದಷ್ಟು ದಿನ ಒಂಟಿ ಬಾಳು. ಕೆಂಪು, ಕಡುನೀಲಿ, ಎಲೆಹಸಿರು ಇವನ್ನು ತಣ್ಣೀರಿನಲ್ಲೇ ಅದ್ದಬೇಕು, ನೆನೆಹಾಕಿ ಮರೆಯಬಾರದು, ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಬೇಕು ಎನ್ನುತ್ತಿದ್ದಳು. ಆಗ ನಮ್ಮಲ್ಲಿ ಇದ್ದದ್ದು ಹಳದಿ ಬಾರ್ ಸೋಪು. ಅದನ್ನು ದಾರದಲ್ಲಿ ಕತ್ತರಿಸಿ ಅಜ್ಜಿ ತುಂಡು ತುಂಡಾಗಿ ಕೊಡುತ್ತಿದ್ದಳು. ಒಳಗಿನ ಬಟ್ಟೆಗೆ ಅದು ಸಾಕಾಗುತ್ತಿತ್ತು, ಸೊಪ್ಪಿನ ಬಟ್ಟೆಗೆ ಆಗುತ್ತಿರಲಿಲ್ಲ. ಎಷ್ಟು ಉಜ್ಜಿದರೂ ಅಂಟು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜರುಗುತ್ತಿತ್ತೇ ಹೊರತು ಬಿಡುತ್ತಿರಲಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಚಿಕ್ಕಪ್ಪನ ಮದುವೆಯಾಗಿ ಸುಜಾತ ಚಿಕ್ಕವ್ವ ಮನೆಗೆ ಬಂದಳು. ಅವಳದು ಕೆ.ಆರ್. ನಗರದ ಕಡೆ, ನಾಲೆ ನೀರಿನ ಊರು, ಗದ್ದೆ ಇದ್ದವರು. ಅವಳ ಟ್ರಂಕಿನಿಂದ ಹೊರಬಂದ ಸೀರೆಗಳನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ನೇರಳೆ, ಗಿಣಿಹಸಿರು, ಕಿತ್ತಳೆ, ಅಂಚಿಲ್ಲದ ಹೂವಿನ ಸೀರೆಗಳು. ಸೀರೆಗಳ ಅಡಿಯಲ್ಲಿ ಒಂದು ಸೋಪಿನ ಪುಡಿಯ ಪ್ಯಾಕೆಟ್ಟು. ಬಣ್ಣದ ಬಟ್ಟೆಗೇ ಎಂದು ಅದರ ಮೇಲೆ ಬರೆದಿದ್ದನ್ನು ನಾನೇ ಓದಿ ಹೇಳಿದೆ. ಅದನ್ನು ಮೂಸಿದರೆ ಹೂವಿನ ಅಂಗಡಿ ಮುಂದೆ ನಿಂತ ಹಾಗಾಗುತ್ತಿತ್ತು. ಅಜ್ಜಿ ಆ ಪ್ಯಾಕೆಟ್ಟನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಕಿಟಕಿಯ ಮೇಲಿಟ್ಟಳು.

"ಈ ಅಟ್ಟೀಲಿ ಎಲ್ಲಾರ್ಗೂ ಒಂದೇ ಸೋಪು ಕಣವ್ವ. ಇವತ್ತು ಎರಡು ಸೋಪು ಅಂದ್ರೆ ನಾಳೆ ಎರಡು ಒಲೆ ಅಂತೀರ."

"ಸೀರೆ ಬಣ್ಣ ಓಯ್ತದೆ ಅತ್ತೆ," ಎಂದಳು ಚಿಕ್ಕವ್ವ. ಅವಳು ಮಾತಾಡಿದ್ದು ಮೆಲ್ಲಗೆ. ಆದರೂ ಹೊಸ ಸೊಸೆ ಎದುರು ಮಾತಾಡಿದಳು ಎಂಬುದು ಸಂಜೆಯೊಳಗೆ ಬೀದಿಯ ಜಗಲಿಗಳಿಗೆಲ್ಲ ಗೊತ್ತಾಯಿತು.

ಅವಳ ನೇರಳೆ ಸೀರೆ ಬಾರ್ ಸೋಪಿಗೆ ಬಿದ್ದು ಮಡಿಕೆಮಡಿಕೆಗೂ ಬೂದಿ ಬಣ್ಣದ ಗೆರೆ ಮೂಡಿದ ಮೇಲೆ ಚಿಕ್ಕಪ್ಪ ಒಂದು ಹೊತ್ತು ಊಟ ಬಿಟ್ಟ. ಅಜ್ಜಿ ಮೂಗು ಒರೆಸಿಕೊಂಡಳು. ಎರಡೂ ಕಡೆ ಸಮಾಧಾನವಾಗಲಿ ಎಂದು ಅಪ್ಪ ಮುಂದಿನ ಸಂತೆಯಲ್ಲಿ ಒಂದು ಪುಡಿ ಹಿಡಿದು ತಂದರು. ಅದಕ್ಕೆ ಹೆಸರಿರಲಿಲ್ಲ. ಗೋಣಿಚೀಲದಿಂದ ಮೊಗೆದು ಪ್ಲಾಸ್ಟಿಕ್ ಕವರಿಗೆ ಸುರಿದು ಕೊಡುತ್ತಿದ್ದ ಬಿಡಿ ಪುಡಿ, ಬಿಳಿಯ ನಡುವೆ ನೀಲಿ ಕಾಳು. ಸಂತೆಯವನು ತಟ್ಟೆಯಲ್ಲಿ ನೀರು ಕಲಕಿ, ಎಣ್ಣೆ ಮೆತ್ತಿದ ಕೆಂಪು ಬಟ್ಟೆಯೊಂದನ್ನು ಅದ್ದಿ ಎತ್ತಿ ತೋರಿಸಿದನಂತೆ. ಎಣ್ಣೆಯೂ ಇಲ್ಲ, ಬಣ್ಣವೂ ಹೋಗಿಲ್ಲ.

"ಸೊಪ್ಪಿನ ಅಂಟ್ಗೂ ಆಯ್ತದೆ, ಸುಜಾತನ ಸೀರೆಗೂ ಆಯ್ತದೆ," ಎಂದರು ಅಪ್ಪ. "ಒಂದೇ ಪುಡಿ. ಇನ್ನು ಈ ಮಾತು ಬ್ಯಾಡ."

ಮೊದಲ ದಿನ ಅವ್ವ ಆ ಪುಡಿ ಹಾಕಿದ ಬಕೆಟ್ಟಿನ ಮುಂದೆ ಮಗುವಿನಂತೆ ಕುಕ್ಕರಗಾಲಲ್ಲಿ ಕುಳಿತದ್ದು ನೆನಪಿದೆ. ನೊರೆ ಬಕೆಟ್ಟಿನ ಅಂಚು ದಾಟಿ ಕಲ್ಲಿನ ಮೇಲೆ ಹರಿಯಿತು. ಅಪ್ಪನ ಸೊಪ್ಪಿನ ಅಂಗಿಯ ತೋಳಿನಿಂದ ಕಪ್ಪು ನೀರು ಬಿಟ್ಟುಕೊಂಡು, ಎಷ್ಟೋ ದಿನದಿಂದ ಕಾಣದಿದ್ದ ಚೌಕಳಿ ಎದ್ದು ಬಂತು. ಅವ್ವ ಅದನ್ನು ನನಗೆ ಹಿಡಿದು ತೋರಿಸಿದಳು. ಅವಳ ಮುಖದಲ್ಲಿ ಅಂಥ ಸಂತೋಷ ನೋಡಿದ್ದು ಕಡಿಮೆ. ಕೈ ಸ್ವಲ್ಪ ಉರಿಯುತ್ತದೆ ಎಂದಳು. ಜೋರಾದ ಪುಡಿ ಅಲ್ಲವೇ, ಉರಿದೇ ಉರಿಯುತ್ತದೆ ಎಂದು ತಾನೇ ಸಮಾಧಾನ ಹೇಳಿಕೊಂಡಳು.

ಆ ಹಂಗಾಮಿನಲ್ಲಿ ದಿನವೂ ಎರಡು ರಾಶಿ ಬಟ್ಟೆ. ಮೊದಲು ಸೊಪ್ಪಿನದು, ಆಮೇಲೆ ನೀರು ಬದಲಿಸಿ ಒಳಗಿನದು. ಅವ್ವನ ಬೆರಳ ಸಂದುಗಳು ಮೊದಲು ಕೆಂಪಾದವು. ಆಮೇಲೆ ಬೆರಳ ತುದಿಯ ಚರ್ಮ ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಸುಲಿಯತೊಡಗಿತು. ದೀಪಾವಳಿಯ ಹೊತ್ತಿಗೆ ಅಂಗೈ ಬಿರುಕು ಬಿಟ್ಟಿತ್ತು. ಬಿರುಕುಗಳ ಒಳಗೆ ಹಸಿ ಮಾಂಸ ಕಾಣುತ್ತಿತ್ತು, ಮುಂಗೈಯಲ್ಲಿ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳೆದ್ದು ಒಡೆಯುತ್ತಿದ್ದವು. ನನ್ನ ತಲೆ ಬಾಚುವಾಗ ಕೂದಲು ಅವಳ ಬಿರುಕಿಗೆ ಸಿಕ್ಕಿಕೊಂಡರೆ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಹರಳೆಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಮಲಗಿ, ಬೆಳಿಗ್ಗೆ ಬಟ್ಟೆ ಬಿಚ್ಚಿ ಮತ್ತೆ ಪುಡಿಯ ನೀರಿಗೆ ಕೈ ಇಡುತ್ತಿದ್ದಳು. ಕೈ ಕೆಟ್ಟದ್ದಕ್ಕೂ ಪುಡಿಗೂ ಸಂಬಂಧವಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಸೊಪ್ಪಿನ ಕೆಲಸ ಮಾಡಿದವರ ಕೈ ಯಾವ ಕಾಲಕ್ಕೆ ಚೆನ್ನಾಗಿರುತ್ತದೆ ಎಂದೇ ಎಲ್ಲರೂ ಅಂದುಕೊಂಡಿದ್ದೆವು.

ಒಂದು ಮಧ್ಯಾಹ್ನ ಅವ್ವ ಮುದ್ದೆ ಕಟ್ಟುತ್ತಿದ್ದಳು. ನಮ್ಮ ಕಡೆ ಮುದ್ದೆಯನ್ನು ಕೈಯಲ್ಲೇ ನಾದಿ ಉಂಡೆ ಮಾಡಬೇಕು. ಕುದಿಯುವ ಹಿಟ್ಟು, ಆಗಾಗ ಕೈ ತಣ್ಣೀರಿಗೆ ಅದ್ದಿಕೊಳ್ಳಬೇಕು. ಚಿಕ್ಕಪ್ಪನ ತಟ್ಟೆಗೆ ಬಿದ್ದ ಮುದ್ದೆಯ ನೆತ್ತಿಯ ಮೇಲೆ ಒಂದು ಕೆಂಪು ಗೆರೆ ಇತ್ತು. ದಾರದಷ್ಟು. ಅವನು ನೋಡಿದ, ಚಿಕ್ಕವ್ವ ನೋಡಿದಳು. ಅಜ್ಜಿ ತನ್ನ ತಟ್ಟೆ ಬಿಟ್ಟು ಎದ್ದು ಬಂದು ಬಗ್ಗಿ ನೋಡಿದಳು.

"ಸಾಕಿ, ಕೈ ತೋರ್ಸು."

ಅವ್ವ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ತೋರ್ಸು ಅಂದೆ."

ಆ ಹೊತ್ತು ಅಜ್ಜಿಯ ಮುಖದಲ್ಲಿ ಕೋಪವಿರಲಿಲ್ಲ, ಹೆದರಿಕೆ ಇತ್ತು. ಅವಳು ಚಿಕ್ಕವಳಿದ್ದಾಗ ಅವಳ ಸೋದರತ್ತೆಯೊಬ್ಬಳಿಗೆ ದೊಡ್ಡ ರೋಗ ಬಂದು, ಬೆರಳು ಉದುರಿ, ಊರಾಚೆಯ ಗುಡಿಸಲಲ್ಲಿ ಸತ್ತದ್ದನ್ನು ನಮಗೆಲ್ಲ ಹೇಳುತ್ತಿದ್ದಳು. ಆ ಗುಡಿಸಲಿಗೆ ದಿನಾ ಅನ್ನ ಒಯ್ದಿಟ್ಟು ಓಡಿಬರುತ್ತಿದ್ದವಳು ಇವಳೇ. ಅವ್ವನ ಅಂಗೈ ನೋಡಿದವಳು ಅದನ್ನೇ ನೋಡಿದಳು ಎಂದು ಈಗ ನನಗೆ ಅನಿಸುತ್ತದೆ. ಆಗ ಅದು ಗೊತ್ತಾಗುವ ವಯಸ್ಸಲ್ಲ. ತಟ್ಟೆಗಳೆಲ್ಲ ಹಿತ್ತಲಿಗೆ ಹೋಗಿ ನಾಯಿಯ ಮುಂದೆ ಬಿದ್ದದ್ದು, ಅಂದು ನಾವು ಅವಲಕ್ಕಿ ತಿಂದದ್ದು ಮಾತ್ರ ಗೊತ್ತು.

ಮಾರನೆಯ ದಿನ ಅಪ್ಪ ಅವ್ವನನ್ನು ಎಚ್.ಡಿ. ಕೋಟೆಯ ಆಚೆ ನಾಟಿ ಮದ್ದು ಕೊಡುವವನೊಬ್ಬನ ಹತ್ತಿರ ಕರೆದುಕೊಂಡು ಹೋದರು. ಅವನು ಕೈ ಮುಟ್ಟದೆ, ಅಂಗಳದಲ್ಲೇ ದೂರ ನಿಲ್ಲಿಸಿ ನೋಡಿದನಂತೆ. ಕರಿ ಲೇಪವೊಂದನ್ನು ಕೊಟ್ಟು, ಇದು ಅಂಟುವ ಜಾತಿಯದು, ಉಣ್ಣುವುದು ಮಲಗುವುದು ಬೇರೆ ಇರಲಿ ಎಂದು ಹೇಳಿ ಕಳಿಸಿದ. ಆ ಲೇಪ ಹಚ್ಚಿದ ರಾತ್ರಿ ಅವ್ವ ಕೈಯನ್ನು ನೀರಿನ ಕೊಳಗದಲ್ಲಿ ಇಟ್ಟುಕೊಂಡೇ ಕುಳಿತಿದ್ದಳು. ಬೆಳಗಾದ ಮೇಲೆ ಅವಳ ಚಾಪೆ, ಎರಡು ಸೀರೆ, ಒಂದು ಅಲ್ಯೂಮಿನಿಯಂ ತಟ್ಟೆ, ಒಂದು ಲೋಟ ಬ್ಯಾರನ್ನಿನ ಪಕ್ಕದ ಕೋಣೆಗೆ ಹೋದವು. ಅದು ಬೇಯಿಸಿದ ಸೊಪ್ಪನ್ನು ಜೋಡಿಸಿಡುವ ಕೋಣೆ. ಕಿಟಕಿ ಇಲ್ಲ, ಸೊಪ್ಪಿನ ಘಾಟಿಗೆ ಒಳಗೆ ಹೋದವರೆಲ್ಲ ಸೀನುತ್ತಿದ್ದರು.

"ಮನೇಲಿ ಒಸಾ ಸೊಸೆ ಅವಳೆ. ನಾಳೆ ಬಸ್ರಿ ಆಗೋಳು," ಎಂದು ಅಜ್ಜಿ ಅಪ್ಪನಿಗೆ ಹೇಳುತ್ತಿದ್ದಳು. "ವಾಸಿ ಆಗೋಗಂಟ ಕಣ್ಲಾ. ನಾನೇನು ಓಡ್ಸಿದ್ನಾ?"

ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದರು. ಅಪ್ಪ ಕೆಟ್ಟವರಲ್ಲ. ಎತ್ತಿಗೆ ಗಾಯವಾದರೆ ಪಕ್ಕದಲ್ಲೇ ಕೂತು ನೊಣ ಓಡಿಸುವವರು. ಆದರೆ ಅಜ್ಜಿಯ ಎದುರು ಅವರಿಗೆ ಮಾತು ಬರುತ್ತಿರಲಿಲ್ಲ.

ಅವ್ವನಿಗೆ ಊಟ ಒಯ್ಯುವ ಕೆಲಸ ನನ್ನದಾಯಿತು. ಹೊಸ್ತಿಲಾಚೆ ಅವಳ ತಟ್ಟೆ ಇರುತ್ತಿತ್ತು. ನಾನು ಮೇಲಿನಿಂದ ಬಡಿಸಬೇಕು. ತಟ್ಟೆಗೆ ಪಾತ್ರೆ ತಾಕದಂತೆ ಸಾರು ಹುಯ್ಯುವುದನ್ನು ಅಜ್ಜಿ ನನಗೆ ಕಲಿಸಿದಳು. ಎತ್ತರದಿಂದ ಹುಯ್ದರೆ ಸಾರು ಚಿಮ್ಮಿ ಅವ್ವನ ಸೀರೆಯ ಮೇಲೆ ಬೀಳುತ್ತಿತ್ತು. ಅವಳು ಅದನ್ನು ಒರೆಸಿಕೊಂಡು, ಸ್ಕೂಲಿನಲ್ಲಿ ಏನು ಹೇಳಿಕೊಟ್ಟರು ಎಂದು ಕೇಳುತ್ತಿದ್ದಳು. ಮುದ್ದೆಯನ್ನು ಮುರಿಯಲಾರದೆ ಅವಳು ಅನ್ನವನ್ನೇ ಹೆಚ್ಚು ಉಣ್ಣುತ್ತಿದ್ದಳು, ಅದೂ ಚಮಚದಲ್ಲಿ. ನಮ್ಮ ಮನೆಯಲ್ಲಿ ಚಮಚ ಹಿಡಿದು ಉಂಡವಳು ಅವಳೊಬ್ಬಳೇ.

ಈಗ ಯೋಚಿಸಿದರೂ ನನಗೆ ಅರ್ಥವಾಗದ ಸಂಗತಿಯೊಂದಿದೆ. ಒಳಗಿನ ಬಟ್ಟೆಯನ್ನು ಅವ್ವ ಮುಟ್ಟುವಂತಿರಲಿಲ್ಲ. ಅದು ಚಿಕ್ಕವ್ವನ ಪಾಲಿಗೆ ಹೋಯಿತು. ಸೊಪ್ಪಿನ ಬಟ್ಟೆಯನ್ನು ಮಾತ್ರ ಅವ್ವನೇ ಒಗೆಯಬೇಕಿತ್ತು. ಹೇಗೂ ಅದು ಒಳಗೆ ಬರುವ ಬಟ್ಟೆಯಲ್ಲವಲ್ಲ ಎಂದಳು ಅಜ್ಜಿ. ಎಲ್ಲರ ಅಂಗಿ, ಲುಂಗಿ, ತಲೆಗೆ ಸುತ್ತುವ ಟವೆಲ್ಲು ಮೊಳೆಗಳ ಮೇಲೆ ನೇತಾಡುತ್ತಿದ್ದವು. ಕೋಣೆಯಿಂದ ನಾಲ್ಕು ಹೆಜ್ಜೆಯ ದೂರದಲ್ಲಿ ಕಲ್ಲು. ಅವಳನ್ನು ಮುಟ್ಟಿದರೆ ರೋಗ ಅಂಟುತ್ತದೆ, ಅವಳು ಒಗೆದ ಬಟ್ಟೆಯಿಂದ ಅಂಟುವುದಿಲ್ಲ. ಹೀಗೆ ಆ ಪುಡಿಯಲ್ಲಿ ಅವ್ವನ ಕೈ ದಿನವೂ ಮುಳುಗುತ್ತಲೇ ಇತ್ತು. ವಾಸಿಯಾಗುವವರೆಗೆ ಹೊರಗಿರಲಿ ಎಂದವರೇ ವಾಸಿಯಾಗಲು ಬಿಡಲಿಲ್ಲ. ಸೊಪ್ಪೆಲ್ಲ ಮುರಿದು ಮುಗಿದ ಮೇಲೂ ಹೊಲದ ಬಟ್ಟೆ, ಕೊಟ್ಟಿಗೆಯ ಬಟ್ಟೆ, ಗೋಣಿತಟ್ಟು ಎಂದು ಏನಾದರೂ ಇದ್ದೇ ಇರುತ್ತಿತ್ತು.

ಯುಗಾದಿ ಕಳೆದು ಬಿಸಿಲು ಬಲಿತ ಸಮಯದಲ್ಲಿ ನಾನು ದೊಡ್ಡವಳಾದೆ. ಸ್ಕೂಲಿನಿಂದ ಬಂದು ಮೊದಲು ಓಡಿದ್ದು ಅವ್ವನ ಕೋಣೆಗೆ. ಅವಳು ಹೊಸ್ತಿಲ ಒಳಗೆ, ನಾನು ಹೊರಗೆ. ನನ್ನ ಲಂಗದ ಹಿಂಬದಿ ನೋಡಿದವಳು ಎರಡೂ ಕೈಯನ್ನು ಮುಂದೆ ಚಾಚಿ, ಹಾಗೇ ಹಿಂದಕ್ಕೆ ಎಳೆದುಕೊಂಡಳು.

"ಎದ್ರುಕೋಬ್ಯಾಡ ಕಣವ್ವ, ಎಲ್ಲಾರ್ಗೂ ಆಯ್ತದೆ. ಓಗು, ಚಿಕ್ಕವ್ವುಂಗೆ ಯೋಳು. ಆ ಲಂಗನ ಬಿಸ್ನೀರ್ಗೆ ಆಕ್ಬ್ಯಾಡ ಅನ್ನು. ಬಿಸ್ನೀರು ಬಿದ್ರೆ ಕರೆ ಕೂತ್ಕತದೆ. ತಣ್ಣೀರು, ಆಮೇಲೆ ಸೋಪು."

ಸೋದರಮಾವ ಬಂದು ಹಸಿರು ಕೊಂಬೆ ತಂದು ಅಂಗಳದಲ್ಲಿ ಗುಡ್ಲು ಹಾಕಬೇಕು, ಹುಡುಗಿ ಅದರಲ್ಲಿ ಕೂರಬೇಕು. ಅದು ನಮ್ಮ ಪದ್ಧತಿ. ಅವ್ವನ ತಮ್ಮ ಬಂದ. ಒಂದು ಕೆಂಪು ಉದ್ದಲಂಗ, ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ ಎಲ್ಲ ತಂದಿದ್ದ. ಗುಡ್ಲು ಹಾಕಿ ಮುಗಿಸಿ ಬ್ಯಾರನ್ನಿನ ಕಡೆ ಹೋಗಿ, ಹಲಸಿನ ಮರದ ಬುಡದಲ್ಲಿ ನಿಂತು ಅಕ್ಕನ ಜೊತೆ ಮಾತಾಡಿದ. ನಾನು ಕೂತಲ್ಲಿಂದಲೇ ನೋಡುತ್ತಿದ್ದೆ.

"ನಮ್ಮಟ್ಟಿಗೆ ಕರ್ಕೊಂಡೋಗ್ಬೇಕು ಅಂತ ಆಸೆ ಅಕ್ಕ. ಸಣ್ಣ ಐಕ್ಳವೆ," ಎಂದ ಮಾವ. "ದೇವ್ರಿಗೆ ಒಂದು ಅರಕೆ ಮಾಡ್ಕೊ."

"ಆಗ್ಲಪ್ಪ," ಎಂದಳು ಅವ್ವ. "ಉಂಡ್ಕೊಂಡು ಓಗು."

ಗುಡ್ಲಿನಲ್ಲಿ ಕೂತ ದಿನಗಳಲ್ಲಿ ಒಂದು ಮಧ್ಯಾಹ್ನ ಎಲ್ಲರೂ ಹೊಲಕ್ಕೆ ಹೋಗಿದ್ದರು, ಅಜ್ಜಿ ಜಗಲಿಯಲ್ಲಿ ನಿದ್ದೆ ಹೋಗಿದ್ದಳು. ಅವ್ವ ಎದ್ದು ಬಂದು ಗುಡ್ಲಿನ ಪಕ್ಕ, ನೆರಳಿನ ಅಂಚಿನಲ್ಲಿ ಕುಳಿತಳು. ನಾನೂ ಮನೆಯ ಹೊರಗೆ, ಅವಳೂ ಹೊರಗೆ. ನನ್ನನ್ನು ಯಾರೂ ಮುಟ್ಟುವಂತಿಲ್ಲ, ಅವಳನ್ನೂ ಯಾರೂ ಮುಟ್ಟುವಂತಿಲ್ಲ. ಇಬ್ಬರೂ ಚಿಗಳಿ ತಿಂದೆವು. ಮಾವ ತಂದ ಕೆಂಪು ಲಂಗವನ್ನು ಅವ್ವ ಮೊಣಕೈಯಿಂದ ಸರಿಸಿ ಸರಿಸಿ ನೋಡಿದಳು.

"ಇದು ಬಣ್ಣ ಬುಡ್ತದೆ. ಮೊದ್ಲ ಸಲ ಉಪ್ಪು ನೀರ್ಗೆ ಅದ್ದು. ಯಾವ್ದರ ಜೊತೇಲೂ ಸೇರಿಸ್ಬ್ಯಾಡ," ಎಂದಳು. ಲಂಗವನ್ನು ನನ್ನ ಕಡೆ ಸರಿಸಿ, "ನಾನು ಇಷ್ಟೇ ಯೋಳ್ಕೊಡಕ್ಕಾಗೋದು ಈಗ," ಎಂದಳು.

ನೀರು ಹಾಕುವ ದಿನ ಬೀದಿಯ ಮುತ್ತೈದೆಯರೆಲ್ಲ ಬಂದರು. ಎಣ್ಣೆ ಅರಿಶಿನ ಹಚ್ಚುವಾಗ ಮೊದಲ ಕೈ ತಾಯಿಯದಾಗಬೇಕು. ಅಜ್ಜಿ ಚಿಕ್ಕವ್ವನನ್ನು ಮುಂದಕ್ಕೆ ತಳ್ಳಿದಳು. ಚಿಕ್ಕವ್ವ ಒಮ್ಮೆ ಬ್ಯಾರನ್ನಿನ ಕಡೆ ನೋಡಿದಳು, ಆಮೇಲೆ ನನ್ನ ಕೆನ್ನೆಗೆ ಅರಿಶಿನ ಹಚ್ಚಿದಳು. ಆರತಿಯ ಹಾಡು ಹೇಳುತ್ತಿದ್ದ ಹೆಂಗಸರಲ್ಲಿ ಒಬ್ಬಳು ದನಿ ನಿಲ್ಲಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಮಿಕ್ಕವರು ಹಾಡಿದರು. ಅವ್ವ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಕದದ ಸಂದಿನಿಂದ ನೋಡುತ್ತಿದ್ದಳೋ ಇಲ್ಲವೋ ಎಂದು ನಾನು ಮುಂದೆ ಎಂದೂ ಕೇಳಲಿಲ್ಲ. ಆ ದಿನ ನಾನು ಅಳಲಿಲ್ಲ. ಅಲ್ಲಿಂದಾಚೆಗೆ ಅಳುವುದು ನನಗೆ ಸುಲಭವಾಗಿ ಬರಲಿಲ್ಲ.

ಮತ್ತೆ ಸೊಪ್ಪಿನ ಕಾಲ ಬರುವ ಹೊತ್ತಿಗೆ ಚಿಕ್ಕವ್ವ ಅಡುಗೆಮನೆಯಲ್ಲಿ ಕೈ ಬಚ್ಚಿಡಲು ಶುರುಮಾಡಿದ್ದಳು. ನನಗೆ ಮೊದಲು ಗೊತ್ತಾಯಿತು, ಯಾಕೆಂದರೆ ಅದೇ ರೀತಿ ಸೆರಗಿನಲ್ಲಿ ಸುತ್ತಿಕೊಳ್ಳುವುದನ್ನು ನಾನು ಒಮ್ಮೆ ನೋಡಿದ್ದೆ. ಅವಳ ಬೆರಳ ಸಂದು ಕೆಂಪಾಗಿ, ತುದಿ ಸುಲಿದು, ಹೆಬ್ಬೆರಳ ಬುಡದಲ್ಲಿ ಬಿರುಕು ಬಿಟ್ಟಿತ್ತು. ಅಜ್ಜಿಗೆ ತಿಳಿದಾಗ ಅವಳು ಕಂಬಕ್ಕೆ ಒರಗಿ ಕೂತುಬಿಟ್ಟಳು.

"ಅಂಟ್ಕೊಂತಲ್ಲಪ್ಪ. ನಾನು ಬಡ್ಕೊಂಡೆ."

ಸುದ್ದಿ ಕೆ.ಆರ್. ನಗರ ಮುಟ್ಟಿತು. ಚಿಕ್ಕವ್ವನ ಅಪ್ಪ ಮರುದಿನದ ಮೊದಲ ಬಸ್ಸಿಗೇ ಬಂದರು. ಕಾಫಿಯನ್ನೂ ಕುಡಿಯದೆ, ಮಗಳ ಕೈ ಹಿಡಿದು ತಿರುಗಿಸಿ ನೋಡಿ, ನಡಿಯವ್ವ ಡಾಕ್ಟ್ರ ತಾವಕ್ಕೆ ಎಂದು ಎಬ್ಬಿಸಿಕೊಂಡು ಹೋದರು. ನಾಟಿ ಮದ್ದಿನವನ ಮಾತನ್ನು ಅಜ್ಜಿ ಎತ್ತಿದಳು. ಅವರು ಅದು ಕೇಳಿಸಲೇ ಇಲ್ಲವೇನೋ ಎಂಬಂತೆ ಹೊರಟರು.

ಹುಣಸೂರಿನ ಚರ್ಮದ ಡಾಕ್ಟರು ಚಿಕ್ಕವ್ವನ ಕೈಯನ್ನು ತಮ್ಮ ಬರಿಗೈಯಲ್ಲಿ ಹಿಡಿದು ನೋಡಿದರಂತೆ. ಅವಳು ಅದನ್ನೇ ಎಲ್ಲಕ್ಕಿಂತ ಮೊದಲು ಹೇಳಿದ್ದು. ಬಟ್ಟೆಗೆ ಏನು ಹಾಕುತ್ತೀರಿ ಎಂದು ಕೇಳಿದರು. ಬಿಡಿ ಪುಡಿ ಎಂದಾಗ, "ಅದರಲ್ಲಿ ಸೋಡ ಜಾಸ್ತಿ ಇರುತ್ತಮ್ಮ. ಕೊಳೆಯ ಜೊತೆ ಚರ್ಮಾನೂ ತಿನ್ನುತ್ತೆ. ಇದು ಒಬ್ಬರಿಂದ ಒಬ್ಬರಿಗೆ ಬರೋದಲ್ಲ. ಪುಡಿ ಬಿಡಿ, ಕೈ ಒಣಗಿಸಿಟ್ಟುಕೊಳ್ಳಿ, ಈ ಮುಲಾಮು ಹಚ್ಚಿ," ಎಂದು ಹೇಳಿ ಮುಂದಿನವರನ್ನು ಕರೆದರು. ಅಷ್ಟೇ ಹೊತ್ತಿನ ಮಾತು ಅದು.

ಚಿಕ್ಕವ್ವ ಬಸ್ಸಿಳಿದು ಬಂದವಳು ಮನೆಯ ಮುಂಬಾಗಿಲಿಗೆ ಬರಲಿಲ್ಲ. ಸಂದಿಯಲ್ಲಿ ಹಾದು ನೇರವಾಗಿ ಹಿತ್ತಲಿಗೆ ಹೋದಳು. ಅವ್ವ ಕಲ್ಲಿನ ಹತ್ತಿರ ಇದ್ದಳು, ಮೊಳಕೈವರೆಗೆ ನೊರೆ. ಚಿಕ್ಕವ್ವ ಅವಳ ಎರಡೂ ಕೈಯನ್ನು ಬಕೆಟ್ಟಿನಿಂದ ಎತ್ತಿ ಹಿಡಿದುಕೊಂಡಳು.

"ಮುಟ್ಬ್ಯಾಡ ಕಣೇ, ಮುಟ್ಬ್ಯಾಡ," ಎಂದು ಅವ್ವ ಹಿಂದೆ ಸರಿದಳು.

"ಅಕ್ಕ, ಇದು ರೋಗ ಅಲ್ಲ ಕಣಕ್ಕ. ಈ ಪುಡಿ. ಬರೀ ಈ ಪುಡಿ."

ಅವ್ವ ಬಕೆಟ್ಟನ್ನು ನೋಡಿದಳು. ಅವಳು ಅಳುತ್ತಾಳೆ, ಇಲ್ಲವೇ ಬಕೆಟ್ಟು ಒದೆಯುತ್ತಾಳೆ ಎಂದು ನಾನು ಕಾದೆ. ಅವಳು ಒಗೆಯುತ್ತಿದ್ದ ಅಂಗಿಯನ್ನು ಹಿಂಡಿ, ಕೊಡವಿ, ತಂತಿಗೆ ಹಾಕಿದಳು. ಆಮೇಲೆ ಕಲ್ಲಿನ ಮೇಲೆ ಕೂತಳು. ಚಿಕ್ಕವ್ವ ಕೊಡದಿಂದ ಬರೀ ನೀರು ಬಗ್ಗಿಸಿ ಅವಳ ಕೈ ತೊಳೆದು, ತನ್ನ ಸೆರಗಿನಲ್ಲಿ ಒರೆಸಿ, ತನ್ನ ಮುಲಾಮನ್ನು ಬೆರಳು ಬೆರಳಿಗೂ ಹಚ್ಚಿದಳು. ಮನೆಯವರು ಅವ್ವನನ್ನು ಮುಟ್ಟಿ ಎಂಟು ತಿಂಗಳ ಮೇಲಾಗಿತ್ತು.

ಆ ಸಂಜೆ ಅಜ್ಜಿ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಹೊರಗೂ ಬರಲಿಲ್ಲ, ಒಳಗೂ ಹೋಗಲಿಲ್ಲ.

"ಒಳಿಕ್ಕೆ ಬಾರವ್ವ ಸಾಕಿ. ಏನೋ ಆಯ್ತು. ನಂಗೇನು ಗೊತ್ತಿತ್ತು?"

ಹೊಲದಿಂದ ಬಂದು ಮೊಳೆಗೆ ಅಂಗಿ ತಗುಲಿಸುತ್ತಿದ್ದ ಅಪ್ಪನನ್ನು ನೋಡಿ ಅವ್ವ ಕೇಳಿದಳು:

"ಉಣ್ಸೂರ್ಗೆ ಎಷ್ಟು ದೂರ ಆಯ್ತದೆ?"

ಅಪ್ಪನಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಬಸ್ಸಲ್ಲಿ ಅರ್ಧ ಗಂಟೆ," ಎಂದರು.

"ಕೋಟೆಗಂಟ ಕರ್ಕೊಂಡೋಗಿದ್ರಿ. ಬಸ್ಸು ಉಣ್ಸೂರ್ ಮೇಲೇ ಓಯ್ತು."

ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. ಅಪ್ಪ ಅಂಗಿಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು.

ಅವ್ವ ಒಳಗೆ ಬಂದಳು. ಮತ್ತೆ ಮುದ್ದೆ ಕಟ್ಟಿದಳು, ನಮ್ಮ ಜೊತೆ ಕೂತು ಉಂಡಳು, ನಡುಮನೆಯಲ್ಲೇ ಮಲಗಿದಳು. ಅಜ್ಜಿಯ ಜೊತೆ ಬೇಕಾದಷ್ಟು ಮಾತಾಡಿದಳು, ಜಗಳವಾಡಲಿಲ್ಲ. ಎಲ್ಲ ಮೊದಲಿನಂತಾಯಿತು ಎಂದು ಬೀದಿಯವರು ಹೇಳಿದರು. ಆದರೆ ಒಂದು ಬೆಳಿಗ್ಗೆ ಬಟ್ಟೆಯ ರಾಶಿಯ ಮುಂದೆ ನಿಂತು, ಅವಳು ತನ್ನ ಸೀರೆ ಮತ್ತು ನನ್ನ ಲಂಗವನ್ನಷ್ಟೇ ಎತ್ತಿಕೊಂಡಳು.

"ಅವ್ರವ್ರ ಬಟ್ಟೆ ಅವ್ರವ್ರು ಒಗ್ಕೊಳಿ," ಎಂದಳು. "ನಂಗೆ ಆಗಾಕಿಲ್ಲ."

ಅಜ್ಜಿ ಎರಡು ದಿನ ಗೊಣಗಿದಳು. ಚಿಕ್ಕಪ್ಪ ನಕ್ಕ. ಮೂರನೆಯ ದಿನ ಅಪ್ಪ ತಮ್ಮ ಸೊಪ್ಪಿನ ಅಂಗಿಯನ್ನು ಬಕೆಟ್ಟಿಗೆ ಹಾಕಿಕೊಂಡು ಕಲ್ಲಿನ ಮುಂದೆ ಕೂತರು. ಗಂಡಸು ಹಿತ್ತಲಲ್ಲಿ ಬಟ್ಟೆ ಒಗೆಯುವುದನ್ನು ನೋಡಲು ಬೇಲಿಯಾಚೆ ಜನ ನಿಂತರು. ಅವರು ತಲೆ ಎತ್ತಲಿಲ್ಲ. ಆ ಬಿಡಿ ಪುಡಿಯನ್ನು ಚಿಕ್ಕವ್ವ ತಿಪ್ಪೆಗೆ ಸುರಿದಿದ್ದಳು. ಬೇರೆ ಪುಡಿ ಆರಿಸುವ ಕೆಲಸವೂ ಅಪ್ಪನ ಮೇಲೆ ಬಿತ್ತು. ಅವರು ಪ್ರತಿಯೊಂದನ್ನೂ ಮೊದಲು ತಮ್ಮ ಎಡಗೈಗೆ ಹಚ್ಚಿ, ನೀರು ಹಾಕಿ, ಉರಿಯುತ್ತದೆಯೇ ಎಂದು ಕಾದು ನೋಡಿಯೇ ಮನೆಗೆ ತರುತ್ತಿದ್ದರು. ಅಂಗಡಿಯವರು ಅವರನ್ನು ಕಂಡರೆ ಬೇಸರಪಡುತ್ತಿದ್ದರು. ಕೊನೆಗೆ ಬಣ್ಣದ ಬಟ್ಟೆಗೆ ಮೆದುವಾದ ಒಂದು ಪ್ಯಾಕೆಟ್ಟು ಪುಡಿ, ಸೊಪ್ಪಿನ ಬಟ್ಟೆಗೆ ಬೇರೆ ಸೋಪು ಎಂದಾಯಿತು. ಎರಡು ಸೋಪು ಬಂದರೂ ಮನೆ ಒಡೆಯಲಿಲ್ಲ. ಅಜ್ಜಿ ಹಾಸಿಗೆ ಹಿಡಿದಾಗ ಅವಳಿಗೆ ಗಂಜಿ ಕುಡಿಸಿದ್ದು, ಮೈ ಒರೆಸಿದ್ದು, ತಲೆ ಬಾಚಿದ್ದು ಅವ್ವ. ಅವಳ ಹೊಲಸಾದ ಸೀರೆಗಳನ್ನು ದಿನವೂ ಒಗೆದದ್ದು ಅಪ್ಪ. ಅವ್ವ ಕೊನೆಯವರೆಗೂ ಅವುಗಳಿಗೆ ಕೈ ಹಾಕಲಿಲ್ಲ, ಅಪ್ಪ ಕೇಳಲೂ ಇಲ್ಲ.

ನಾನು ಈಗ ಹುಣಸೂರಿನಲ್ಲಿ ರವಿಕೆ ಹೊಲಿಯುತ್ತೇನೆ. ಮನೆಯಲ್ಲಿ ಮೆಷಿನ್ನಿದೆ, ಬಣ್ಣದ ಬಟ್ಟೆಗೆಂದೇ ಬಾಟಲಿಯಲ್ಲಿ ಬರುವ ದ್ರವವಿದೆ. ಯಾರಾದರೂ ಇದು ಅಂಟುತ್ತದೆ, ಇವರನ್ನು ಮುಟ್ಟಬಾರದು ಎಂದರೆ, ಯಾರು ಹೇಳಿದ್ದು, ಯಾವ ಡಾಕ್ಟರು ಹೇಳಿದ್ದು ಎಂದು ಕೇಳುವ ಚಾಳಿ ನನಗೆ ಅಂಟಿಕೊಂಡಿದೆ. ಇದರಿಂದ ನನ್ನ ಗಂಡನ ಮನೆಯಲ್ಲಿ ಬಾಯಿ ಜೋರಿನವಳು ಎಂದು ಹೆಸರಾಗಿದೆ. ಅಪ್ಪ ಈಗಿಲ್ಲ. ಅವ್ವ ಊರಿನಲ್ಲೇ ಚಿಕ್ಕವ್ವನ ಜೊತೆ ಇದ್ದಾಳೆ.

ಹೋದ ತಿಂಗಳು ಊರಿಗೆ ಹೋಗಿದ್ದಾಗ ಅವಳನ್ನು ನ್ಯಾಯಬೆಲೆ ಅಂಗಡಿಗೆ ಕರೆದುಕೊಂಡು ಹೋದೆ. ಅಕ್ಕಿ ಕೊಡಲು ಬೆರಳು ಒತ್ತಬೇಕು. ಹೆಬ್ಬೆರಳಿಟ್ಟಳು, ಮೆಷಿನ್ನು ಕೆಂಪು ದೀಪ ತೋರಿಸಿತು. ತೋರುಬೆರಳಿಟ್ಟಳು, ಅದೇ. ಅಂಗಡಿಯವನು ತಾಳ್ಮೆಯವನು, ಒದ್ದೆ ಬಟ್ಟೆ ಕೊಟ್ಟು ಒರೆಸಿಕೊ ಎಂದ, ಇನ್ನೊಂದು ಕೈ ಎಂದ. ಹತ್ತೂ ಬೆರಳೂ ಆಯಿತು. ಅವಳ ಬೆರಳ ತುದಿಗಳು ನುಣುಪಾಗಿ, ಹೊಳೆಯುತ್ತಿದ್ದವು. ಆ ಪುಡಿಯಿಂದಲೇ ಹೀಗಾಯಿತೋ, ಅರುವತ್ತು ವರ್ಷದ ದುಡಿಮೆಯಿಂದ ಆಯಿತೋ ನಾನು ಹೇಳಲಾರೆ. ಹಿಂದೆ ಸಾಲು ಬೆಳೆಯುತ್ತಿತ್ತು.

"ಬೆರಳಚ್ಚೇ ಬರ್ತಾ ಇಲ್ಲ ಕಣಜ್ಜಿ," ಎಂದ ಅವನು. "ನೀನ್ಯಾರು ಅಂತಾನೇ ತೋರುಸ್ತಿಲ್ಲ ಇದು."

ಅವ್ವ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಚೀಲವನ್ನು ತಕ್ಕಡಿಯ ಪಕ್ಕಕ್ಕೆ ಇಟ್ಟು, ಅಲ್ಲಿಂದ ಕದಲದೆ ನಿಂತಳು.

"ನಾನು ನಿನ್ನ ಮುಂದೇನೇ ನಿಂತಿವ್ನಲ್ಲಪ್ಪ," ಎಂದಳು. "ಕಣ್ಣಲ್ಲಿ ನೋಡಿ ಬರ್ಕೊ."